ಅಪ್ಪ ಬಿಟ್ಟ ಸಾಲು

ಫ್ರುಂಜೆ
8 ಅಕ್ಟೋಬರ್ 1972

ಪ್ರೀತಿಯ ಅಪ್ಪ,

ಜೂನ್‌ನಲ್ಲಿ ಮನೆ ಬಿಟ್ಟು ಬಂದವಳು ಅಕ್ಟೋಬರ್‌ನಲ್ಲಿ ಕಾಗದ ಬರೆಯುತ್ತಿದ್ದೇನೆ. ತಡವಾಯಿತು ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಆ ಮಾತನ್ನು ಇಲ್ಲಿಗೇ ಬಿಡೋಣ. ಇದನ್ನು ಅಂಚೆಗೆ ಹಾಕುತ್ತಿಲ್ಲ. ನಮ್ಮಂಥ ಜರ್ಮನ್ ವಿಶ್ವಾಸಿಗಳ ಕಾಗದಗಳನ್ನು ನಮಗಿಂತ ಮೊದಲು ಓದುವ ಸರ್ಕಾರದವರು ಇದ್ದಾರೆ. ನಿಮ್ಮ ಚೀಸ್ ಕಾರ್ಖಾನೆಯ ಲಾರಿ ತರುವ ತುರ್ದುಬೆಕ್ ಕೈಗೆ ಕೊಡುತ್ತೇನೆ. ಅವನಿಗೆ ಓದಲು ಬಂದರೂ ಓದುವ ಆಸೆಯಿಲ್ಲ.

ಈ ನಗರದ ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಇಡೀ ಕೋಟು ಅಲ್ಲ, ಕಾಲರ್ ಮಾತ್ರ. ಪೂರ್ತಿ ಕೋಟು ಹೇಗಿರುತ್ತದೆಂದು ಬೀದಿಯಲ್ಲಿ ಹೋಗುವವರ ಮೈಮೇಲೆ ನೋಡಿ ತಿಳಿದುಕೊಳ್ಳುತ್ತೇನೆ. ಪೆಲಗೇಯಾ ಎಂಬ ರಷ್ಯನ್ ಅಜ್ಜಿಯ ಮನೆಯಲ್ಲಿ ಒಂದು ಕೋಣೆ ಸಿಕ್ಕಿದೆ. ಅವರಿಗೆ ಎರಡು ಕಣ್ಣೂ ಕಾಣುವುದಿಲ್ಲ. ಅವರೂ ವಿಶ್ವಾಸಿ, ಇಲ್ಲಿನ ಪ್ರಾರ್ಥನಾ ಮನೆಗೆ ಹೋಗುವವರು. ಕೋಣೆ ಕೊಡುವ ಮುಂಚೆ ಒಂದೇ ಪ್ರಶ್ನೆ ಕೇಳಿದರು.

“ನಿಂಗೆ ಓದೋಕೆ ಬರುತ್ತಾ? ದಿನಾ ಒಂದು ಅಧ್ಯಾಯ ಓದಿ ಹೇಳ್ಬೇಕು.”

“ಅಜ್ಜಿ, ನಾನು ಸಭೆ ಬಿಟ್ಟು ಬಂದವಳು,” ಅಂದೆ.

“ಓದೋಕೆ ಬರುತ್ತಾ ಅಂತ ಕೇಳ್ದೆ. ನಂಬೋಕೆ ಬರುತ್ತಾ ಅಂತ ಕೇಳ್ಲಿಲ್ಲ.”

ಹೀಗೆ, ದೇವರ ವಾಕ್ಯದಿಂದ ದೂರ ಓಡಿಬಂದವಳು ದಿನಾ ಸಂಜೆ ಅದನ್ನೇ ಗಟ್ಟಿಯಾಗಿ ಓದುತ್ತಿದ್ದೇನೆ. ನೀವು ನಗಬಹುದು.

ಜೂನ್‌ನ ವಿಷಯ ಹೇಳಲೇಬೇಕು. ದೀಕ್ಷಾಸ್ನಾನಕ್ಕೆ ನಿಂತ ನಾವು ಐವರು ಮುಂದಿನ ಬೆಂಚಿನಲ್ಲಿದ್ದೆವು. ಸಭೆಯ ಹಿರಿಯರಾಗಿ ನೀವು ಒಬ್ಬೊಬ್ಬರನ್ನೇ ಎಬ್ಬಿಸಿ ಆ ಪ್ರಶ್ನೆ ಕೇಳಿದಿರಿ: ಎಳ್ಳಷ್ಟೂ ಸಂಶಯವಿಲ್ಲದೆ ನಂಬುತ್ತೀಯಾ? ಅವರು ಹೌದೆಂದರು, ಸಭೆ ಎದ್ದು ನಿಂತು ಒಪ್ಪಿತು. ನನ್ನ ಸರದಿ ಬಂದಾಗ ನಾನು ಎದ್ದೆ, ಬಾಯಿ ತೆರೆದೆ, ಕೂತುಬಿಟ್ಟೆ. ಮೊಣಕಾಲೂರಿದಾಗ ಕೆಲವು ದಿನ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನಿಸುತ್ತದೆ ಅಪ್ಪ, ಕೆಲವು ದಿನ ಗೋಡೆಗೆ ಹೇಳಿದ ಹಾಗಿರುತ್ತದೆ. ಹೌದು ಅಂದಿದ್ದರೆ ಸುಳ್ಳಾಗುತ್ತಿತ್ತು. ನೀವು ನನ್ನ ಹೆಸರನ್ನು ಎರಡನೇ ಸಲ ಕರೆಯಲಿಲ್ಲ. ಮುಂದಿನವಳನ್ನು ಕರೆದಿರಿ. ಅದು ಈಗಲೂ ನೋಯುತ್ತದೆ.

ನನ್ನಂಥವಳಿಗೆ ನಿಮ್ಮ ಸಭೆಯಲ್ಲಿ ಜಾಗ ಇದೆಯೋ ಇಲ್ಲವೋ ಬರೆಯಿರಿ. ಇಲ್ಲ ಅಂದರೆ ನಾನು ಇಲ್ಲೇ ಇದ್ದುಬಿಡುತ್ತೇನೆ, ಸಭೆಯೂ ಬೇಡ, ಕರ್ತನೂ ಬೇಡ. ಅಮ್ಮನಿಗೆ ಮುತ್ತು.

ನಿಮ್ಮ
ನೇಟಾ


ತಲಾಸ್ ಕಣಿವೆ
29 ಅಕ್ಟೋಬರ್ 1972

ಪ್ರೀತಿಯ ಮಗಳು ಅಗನೇಟಾಗೆ ಕರ್ತನಲ್ಲಿ ಶಾಂತಿ.

ನಿನ್ನ ಕಾಗದ ತಲುಪಿತು. ನಾವು ಆರೋಗ್ಯವಾಗಿದ್ದೇವೆ. ಸಕ್ಕರೆಗೆಡ್ಡೆ ಕಿತ್ತಾಯಿತು. ಕಾರ್ಖಾನೆಯಲ್ಲಿ ಹೊಸ ಉಪ್ಪುನೀರಿನ ತೊಟ್ಟಿ ಕಟ್ಟಿಸಿದ್ದಾರೆ, ಅದು ಸೋರುತ್ತದೆ. ನಿಮ್ಮಮ್ಮ ಎರಡಂತಸ್ತಿನ ಬನ್ನುಗಳನ್ನು ಒಣಗಿಸಿ ಚೀಲ ತುಂಬಿದ್ದಾಳೆ. ಅದನ್ನು ತುರ್ದುಬೆಕ್ ದಾರಿಯಲ್ಲಿ ತಿಂದು ಮುಗಿಸದಿದ್ದರೆ ನಿನಗೆ ಸೇರುತ್ತದೆ.

ಜಾಗ ಇದೆಯೇ ಎಂದು ಕೇಳಿದ್ದೀಯ. ಬರುವ ಜೂನ್‌ನಲ್ಲಿ ಪ್ರಶ್ನೆಯನ್ನು ಮತ್ತೆ ಕೇಳುತ್ತೇವೆ. ಉತ್ತರ ಸಿದ್ಧವಿದ್ದರೆ ಜಾಗವಿದೆ. ಹಿರಿಯನ ಮಗಳು ಎಂದು ಪ್ರಶ್ನೆಯನ್ನು ಸಡಿಲಿಸಲು ನನಗೆ ಬರುವುದಿಲ್ಲ. ಸಂಶಯ ಕಳೆಯಿದ್ದ ಹಾಗೆ, ಎಳೆಯದಿದ್ದಾಗಲೇ ಕೀಳಬೇಕು. ಇಪ್ಪತ್ಮೂರು ವರ್ಷ ನೀನು ಕೇಳಿದ ವಾಕ್ಯ ಕಡಿಮೆಯೇನಲ್ಲ.

ಸುವಾರ್ತೆಯಲ್ಲಿ ಬರುವ ಮೂರ್ಛೆರೋಗದ ಹುಡುಗನ ತಂದೆಯನ್ನು ನೆನೆದುಕೋ. ಅವನನ್ನು ಕರ್ತನು ನಂಬುತ್ತೀಯಾ ಎಂದು ಕೇಳಿದನು. ನಂಬುತ್ತೇನೆ ಎಂದ. ಮಗ ಎದ್ದು ನಿಂತ. ನಡುವೆ ಬೇರೆ ಮಾತಿಲ್ಲ.

ದಿನವೂ ನಿನ್ನ ಹೆಸರೆತ್ತಿ ಪ್ರಾರ್ಥಿಸುತ್ತೇನೆ.

ನಿನ್ನ ತಂದೆ
ಕೊರ್ನೇಲಿಯಸ್ ರೆಂಪೆಲ್


ಫ್ರುಂಜೆ
3 ಡಿಸೆಂಬರ್ 1972

ಅಪ್ಪ,

ಬನ್ನು ಬಂತು. ಅರ್ಧ ಚೀಲ ಬಂತು. ಉಳಿದರ್ಧದ ಬಗ್ಗೆ ಕೇಳಿದರೆ ತುರ್ದುಬೆಕ್, “ದಾರಿ ಉದ್ದ, ಅಕ್ಕ,” ಅಂದ.

ನಿಮ್ಮ ಕಾಗದ ಬಂದಾಗ ಅಜ್ಜಿಗೆ ನಾನು ಓದುತ್ತಿದ್ದದ್ದು ಎರಡನೆಯ ಸುವಾರ್ತೆ. ಅದೇ ಮೂರ್ಛೆಯ ಹುಡುಗನ ಪ್ರಸಂಗ ಈ ವಾರ ಬಂತು. ನಾನು ಅದನ್ನು ನೋಡಿ ಓದಬೇಕಾಗಿಯೇ ಇಲ್ಲ. ನೀವು ಜರ್ಮನ್‌ನಲ್ಲಿ ಕೈಯಾರೆ ನಕಲು ಮಾಡಿದ ನೀಲಿ ರಟ್ಟಿನ ನೋಟುಪುಸ್ತಕದಲ್ಲಿ ಚಿಕ್ಕಂದಿನಿಂದ ಓದಿ ಓದಿ ಬಾಯಿಗೆ ಬಂದಿದೆ. ಹಾಗಾಗಿ ಪುಟ ಬಿಟ್ಟು ಅಜ್ಜಿಯ ಮುಖ ನೋಡಿಕೊಂಡು ರಷ್ಯನ್‌ನಲ್ಲಿ ಹೇಳುತ್ತಾ ಹೋದೆ. ಅಜ್ಜಿ ಕೈಯೆತ್ತಿ ತಡೆದರು.

“ಒಂದು ಸಾಲು ನುಂಗಿಬಿಟ್ಯಲ್ಲ.”

“ಇಲ್ಲ ಅಜ್ಜಿ.”

“ನುಂಗಿದ್ದೀಯ. ಪುಸ್ತಕ ನೋಡಿ ಓದು. ಕುರುಡಿ ಅಂತ ಮೋಸ ಮಾಡ್ಬೇಡ.”

ನೋಡಿದೆ. ನಡುವೆ ಬೇರೆ ಮಾತಿಲ್ಲ ಎಂದು ಬರೆದಿದ್ದಿರಿ. ಇದೆ, ಅಪ್ಪ. ನಂಬುತ್ತೇನೆ ಎಂದು ಹೇಳಿದ ಬಾಯಲ್ಲೇ ಆ ತಂದೆ, ನಂಬಲಾಗದ ತನ್ನ ಇನ್ನೊಂದು ಪಾಲಿಗೂ ನೆರವು ಬೇಡುತ್ತಾನೆ. ಕೂಗಿ ಬೇಡುತ್ತಾನೆ. ಕರ್ತನು ಅವನಿಗೆ ಹೊರಗೆ ಹೋಗು ಎನ್ನುವುದಿಲ್ಲ, ಮಗನನ್ನು ಎಬ್ಬಿಸುತ್ತಾನೆ. ನಾನು ಆ ಸಾಲನ್ನು ನಾಲ್ಕೈದು ಸಲ ಓದಿದೆ. ಅಜ್ಜಿ, “ಒಂದ್ಸಲ ಸಾಕು, ನಂಗೆ ಕಿವಿ ಚೆನ್ನಾಗಿದೆ,” ಅಂದರು.

ಇದು ರಷ್ಯನ್ನರು ಸೇರಿಸಿಕೊಂಡದ್ದೇ? ಅಥವಾ ನಮ್ಮ ಜರ್ಮನ್ ಪುಸ್ತಕದಲ್ಲೂ ಇತ್ತೇ? ಇತ್ತು ಅನ್ನುವುದಾದರೆ, ನಿಮ್ಮ ನೋಟುಪುಸ್ತಕದಲ್ಲಿ ಏಕಿಲ್ಲ? ನೀವು ಅಲ್ಪವಿರಾಮವನ್ನೂ ಬಿಡುವವರಲ್ಲ. ದಯವಿಟ್ಟು ಬರೆಯಿರಿ. ಜೂನ್‌ನಲ್ಲಿ ನನಗೆ ಸಿಗದೆ ಹೋದ ಉತ್ತರ ಇದೇ ಆಗಿತ್ತು.

ನೇಟಾ


ತಲಾಸ್ ಕಣಿವೆ
26 ಡಿಸೆಂಬರ್ 1972

ಪ್ರೀತಿಯ ಮಗಳಿಗೆ,

ಕ್ರಿಸ್ತಜಯಂತಿಯ ಶುಭಾಶಯ. ಇಲ್ಲಿ ಹಿಮ ಕಿಟಕಿಯವರೆಗೆ ಬಂದಿದೆ. ತೊಟ್ಟಿಯ ಸೋರಿಕೆಯನ್ನು ಕೊನೆಗೂ ನಾನೇ ಮುಚ್ಚಿದೆ. ಚೀಸಿನ ಗುಂಡುಗಳನ್ನು ದಿನಕ್ಕೆ ಎರಡು ಸಲ ಮಗುಚುತ್ತೇವೆ. ಚಳಿಗೆ ಸಿಪ್ಪೆ ಬಿರಿಯುತ್ತಿದೆ. ಕೂಟ ಈ ಸಲ ಪೇಟರ್ ಉನ್ರು ಅವರ ಮನೆಯಲ್ಲಿ ನಡೆಯಿತು, ನಾಲ್ಕು ಸ್ವರದಲ್ಲೂ ಹಾಡಿದರು. ನಿನ್ನ ಸ್ವರದ ಕಡೆ ತೆಳುವಾಗಿತ್ತು.

ಕೆಂಪು ಹಸು ಗಬ್ಬವಾಗಿದೆ. ನಿಮ್ಮಮ್ಮ ಉಣ್ಣೆಯ ಕಾಲುಚೀಲ ಕಳಿಸಿದ್ದಾಳೆ. ಅದನ್ನು ಯಾರೂ ತಿನ್ನಲಾರರು.

ಬೆಚ್ಚಗಿರು.

ನಿನ್ನ ತಂದೆ
ಕೊರ್ನೇಲಿಯಸ್ ರೆಂಪೆಲ್


ಫ್ರುಂಜೆ
20 ಜನವರಿ 1973

ಅಪ್ಪ,

ತೊಟ್ಟಿ, ಸಿಪ್ಪೆ, ಹಸು, ಕಾಲುಚೀಲ. ನಾನು ಕೇಳಿದ್ದು ಒಂದು, ನೀವು ಬರೆದದ್ದು ನೂರೆಂಟು. ನಿಮ್ಮ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಸಾಲು ಅದರಲ್ಲೂ ಇಲ್ಲ.

ಇಲ್ಲಿನ ಪ್ರಾರ್ಥನಾ ಮನೆಯಲ್ಲಿ ಹಳಬರೊಬ್ಬರ ಬಳಿ ಜರ್ಮನ್ ಪುಸ್ತಕವಿದೆ. ಅಜ್ಜಿಯನ್ನು ಕೈಹಿಡಿದು ಕರೆದುಕೊಂಡು ಹೋಗುವ ನೆಪದಲ್ಲಿ ಹೋಗಿ ನೋಡಿ ಬಂದೆ. ಇದೆ. ಹಾಗಿದ್ದ ಮೇಲೆ ನೀವು ಅದನ್ನು ಬೇಕೆಂದೇ ಬಿಟ್ಟಿದ್ದೀರಿ.

ಆ ಸಾಲಿಲ್ಲದೆ ನಾನು ಹೇಗೆ ಬೆಳೆದೆ ಗೊತ್ತೇ ಅಪ್ಪ? ಇದನ್ನು ಯಾರಿಗೂ ಹೇಳಿಲ್ಲ. ತಮ್ಮ ಯಾಶ್‌ಗೆ ಮೂರ್ಛೆ ಬರುತ್ತಿದ್ದ ಆ ಚಳಿಗಾಲ ನನಗೆ ಏಳು ವರ್ಷ. ಆಗಿನ ಹಿರಿಯರು ಫೋಗ್ಟ್ ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಮಾರನೆಯ ದಿನವೂ ಅವನಿಗೆ ಬಂತು. ಅವರು ಬಾಗಿಲಲ್ಲಿ ನಿಂತು ನಿಮಗೆ ಹೇಳಿದ್ದನ್ನು ನಾನು ಒಲೆಯ ಹಿಂದಿನಿಂದ ಕೇಳಿಸಿಕೊಂಡೆ.

“ಈ ಮನೇಲಿ ಯಾರೋ ಪೂರ್ತಿ ನಂಬ್ತಿಲ್ಲ ಕೊರ್ನೇಲಿಯಸ್. ಅದು ಯಾರೂಂತ ಮೊದ್ಲು ಹುಡುಕಿ.”

ನನಗೆ ಹುಡುಕಬೇಕಾಗಿರಲಿಲ್ಲ. ಹಿಂದಿನ ದಿನ ನೀವೆಲ್ಲ ಅವನ ಮಂಚದ ಸುತ್ತ ಮೊಣಕಾಲೂರಿದ್ದಾಗ ನಾನು ಕಣ್ಣು ತೆರೆದಿದ್ದೆ. ಯಾರೂ ಬರಲ್ಲ ಅಂತ ಅನಿಸಿತ್ತು. ಅಷ್ಟೇ. ಒಂದು ಕ್ಷಣ. ಹತ್ತು ದಿನಕ್ಕೆ ಯಾಶ್ ಹೋದ. ಆಮೇಲೆ ನೀವು ಆ ನೋಟುಪುಸ್ತಕದಿಂದ ಓದಿದಿರಿ: ತಂದೆ ಪೂರ್ತಿ ನಂಬಿದ, ಮಗ ಬದುಕಿದ. ನನ್ನ ತಮ್ಮನನ್ನು ಕೊಂದವಳು ನಾನೇ ಎಂದು ಹದಿನಾರು ವರ್ಷದಿಂದ ನಂಬಿದ್ದೇನೆ. ನಾನು ಸಂಶಯವಿಲ್ಲದೆ ನಂಬಿದ ಒಂದೇ ವಿಷಯ ಅದು.

ಆ ಒಂದು ಸಾಲು ಇದ್ದಿದ್ದರೆ ಒಂದು ಮಗು ಅಷ್ಟು ವರ್ಷ ಹೆದರಬೇಕಾಗಿರಲಿಲ್ಲ. ಉತ್ತರ ಬರೆಯದಿದ್ದರೆ ನಾನೂ ಇನ್ನು ಬರೆಯುವುದಿಲ್ಲ.

ನೇಟಾ


ತಲಾಸ್ ಕಣಿವೆ
11 ಫೆಬ್ರವರಿ 1973

ನನ್ನ ನೇಟಾ,

ಅಮ್ಮ ಬರೆಯುತ್ತಿದ್ದೇನೆ. ನನ್ನ ಅಕ್ಷರ ನೋಡಿ ನಗಬೇಡ, ನಾನು ಬರೆಯುವುದು ಉಪ್ಪಿನಕಾಯಿ ಜಾಡಿಯ ಚೀಟಿ ಮಾತ್ರ.

ನಿನ್ನ ಕಾಗದವನ್ನು ನಿಮ್ಮಪ್ಪ ಕೊಟ್ಟಿಗೆಯಲ್ಲಿ ಓದಿದರು. ಒಳಗೆ ಬಂದು ಮೇಜಿನ ಮೇಲೆ ನನ್ನ ಮುಂದಿಟ್ಟು ಹೊರಗೆ ಹೋದರು. ಇವತ್ತಿಗೆ ಒಂಬತ್ತು ದಿನ, ಉಪ್ಪು ಕೊಡು, ಬಾಗಿಲು ಹಾಕು, ಇಷ್ಟು ಬಿಟ್ಟರೆ ಮಾತಿಲ್ಲ. ಕಾರ್ಖಾನೆಯಲ್ಲಿ ಒಂದಿಡೀ ದಿನದ ಚೀಸನ್ನು ಉಪ್ಪುನೀರಿನಲ್ಲೇ ಮರೆತುಬಿಟ್ಟರಂತೆ. ಮೂವತ್ತು ವರ್ಷದಲ್ಲಿ ಇದೇ ಮೊದಲು. “ರೆಂಪೆಲ್‌ಗೆ ವಯಸ್ಸಾಯ್ತು” ಅಂತ ಅಲ್ಲಿನವರು ನಗುತ್ತಿದ್ದಾರೆ. ನಗಲಿ.

ಅವರು ಬರೆಯುತ್ತಾರೆ. ಅವರಿಗೆ ಹೊತ್ತು ಬೇಕು. ಅಷ್ಟರಲ್ಲಿ ನಾನು ಹೇಳುವುದು ಕೇಳು.

ನೀನು ಯಾಶ್‌ನನ್ನು ಕೊಂದೆ ಅಂತೀಯ. ಏಳು ವರ್ಷದ ಹುಡುಗಿ ಕಣ್ಣು ಬಿಟ್ಟಳು ಅಂತ ದೇವರು ಮಗುವನ್ನು ಕೊಂಡೊಯ್ಯುತ್ತಾನಾ? ಅಂಥ ದೇವರಾಗಿದ್ದರೆ ನಾನು ಇಷ್ಟು ವರ್ಷ ಅವನ ಮನೆಗೆ ಹಾಡೋಕೆ ಹೋಗುತ್ತಿರಲಿಲ್ಲ. ನೀನಾದರೂ ಮೊಣಕಾಲೂರಿದ್ದೆ. ನಾನು ಅದನ್ನೂ ಮಾಡಲಿಲ್ಲ. ಕೊನೆಯ ಆ ದಿನ ಎಲ್ಲರೂ ಒಳಗೆ ಪ್ರಾರ್ಥಿಸುತ್ತಿದ್ದರೆ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ನೀರು ಕೈ ಕೊರೆಯುತ್ತಿತ್ತು. ಬೇಕೆಂದೇ ಒಗೆದೆ. ದೇವರ ಮೇಲೆ ಅಷ್ಟು ಕೋಪ ಬಂದಿತ್ತು, ಒಂದು ಮಾತೂ ಆಡಬಾರದು ಅಂತ ಹಟ ಹಿಡಿದಿದ್ದೆ. ಆಮೇಲೆ ನಾನೇ ಕಾರಣ ಅಂದುಕೊಂಡೆ. ನಿಮ್ಮಿಬ್ಬರಿಗೆ ಹೇಗೆ ಮುಖ ತೋರಿಸುವುದು ಅಂತ ಎಷ್ಟೋ ತಿಂಗಳು ತಲೆಯೆತ್ತದೆ ರೊಟ್ಟಿ ಬೇಯಿಸಿದೆ.

ಆ ಫೋಗ್ಟ್ ಹುಡುಕಿ ಅಂದರು. ಮೂವರೂ ಹುಡುಕಿದೆವು, ಒಬ್ಬರಿಗೊಬ್ಬರು ಹೇಳದೆ ಹುಡುಕಿದೆವು, ಮೂವರಿಗೂ ಕಂಡದ್ದು ತಾವೇ. ನಿಮ್ಮಪ್ಪ ಬಾಯಿ ಬಿಟ್ಟಿಲ್ಲ, ಆದರೂ ಈ ಒಂಬತ್ತು ದಿನ ಅವರನ್ನು ನೋಡಿ ನನಗೆ ತಿಳಿಯಿತು. ಒಂದೇ ಮೇಜಿನಲ್ಲಿ ಕೂತು ಹದಿನಾರು ವರ್ಷ ಸೂಪು ಕುಡಿದೆವಲ್ಲ ನೇಟಾ, ಎಂಥ ಪೆದ್ದರು ನಾವು.

ಆಸ್ಪತ್ರೆಯ ವೈದ್ಯರು ಯಾಶ್‌ನ ಮಿದುಳಲ್ಲಿ ಗಡ್ಡೆ ಇತ್ತು ಅಂದಿದ್ದರು. ಅದನ್ನು ನಾವು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಊಟ ಬಿಡಬೇಡ.

ನಿನ್ನ ಅಮ್ಮ
ಜಸ್ಟೀನಾ


ತಲಾಸ್ ಕಣಿವೆ
4 ಮಾರ್ಚ್ 1973

ನೇಟಾ, ನನ್ನ ಮಗಳೇ,

ಬೇಕೆಂದೇ ಬಿಟ್ಟೆ. ಇದನ್ನು ಮೊದಲು ಹೇಳಿ ಆಮೇಲೆ ಉಳಿದದ್ದು ಬರೆಯುತ್ತೇನೆ, ಇಲ್ಲದಿದ್ದರೆ ಮತ್ತೆ ತೊಟ್ಟಿ, ಹಸು ಎನ್ನುತ್ತೇನೆ.

ಯಾಶ್ ಹೋದ ಆ ವರ್ಷ ಗಣಿ ಊರು ಕರಗಂಡದಿಂದ ದೇವರ ವಾಕ್ಯದ ಅಚ್ಚಾದ ಒಂದು ಜರ್ಮನ್ ಪುಸ್ತಕ ಗುಟ್ಟಾಗಿ ಬಂದಿತ್ತು. ನಮ್ಮ ಪುಸ್ತಕಗಳನ್ನೆಲ್ಲ ಯುದ್ಧಕ್ಕೆ ಮುಂಚೆಯೇ ಸರ್ಕಾರದವರು ಕಸಿದುಕೊಂಡಿದ್ದರು. ಬಂದದ್ದು ನಮ್ಮ ಊರಿನಲ್ಲಿರಬೇಕಾದದ್ದು ಆರೇ ವಾರ, ಆಮೇಲೆ ಮುಂದಿನ ಊರಿಗೆ ಹೋಗಬೇಕು. ನಾಲ್ವರು ಹಂಚಿಕೊಂಡು ಶಾಲೆಯ ನೋಟುಪುಸ್ತಕಗಳಲ್ಲಿ ನಕಲು ಮಾಡಿದೆವು. ನನಗೆ ಎರಡನೆಯ ಸುವಾರ್ತೆ ಬಂತು. ಮಧ್ಯಾಹ್ನ ಕಿಟಕಿಯ ಬೆಳಕಿನಲ್ಲಿ ಬರೆಯುತ್ತಿದ್ದೆ. ಯಾರಾದರೂ ಬಂದರೆ ಹೇಳಲು ನಿಮ್ಮಮ್ಮ ಗೇಟಿನ ಬಳಿ ಹಿಮ ಗುಡಿಸುತ್ತಿದ್ದಳು. ಗುಡಿಸಿದ್ದನ್ನೇ ಗುಡಿಸುತ್ತಿದ್ದಳು.

ಯಾಶ್‌ನನ್ನು ಮಂಗಳವಾರ ಮಣ್ಣು ಮಾಡಿದೆವು. ಪುಸ್ತಕ ಶನಿವಾರ ಹೋಗಬೇಕಿತ್ತು. ಗುರುವಾರ ಕೂತೆ. ಬಿಟ್ಟ ಕಡೆಯಿಂದ ಶುರು ಮಾಡಿದೆ, ಎರಡು ಪುಟ ಕಳೆದ ಮೇಲೆ ಆ ಪ್ರಸಂಗ ಬಂತು. ಮೂರ್ಛೆ ಬೀಳುವ ಮಗನನ್ನು ಕರೆತಂದ ತಂದೆ. ಬಾಯಲ್ಲಿ ನೊರೆ ಬರುವುದು, ಹಲ್ಲು ಕಡಿಯುವುದು ಎಲ್ಲವನ್ನೂ ಬರೆದೆ. ಆಮೇಲೆ ಆ ಸಾಲು. ನೇಟಾ, ಅದು ನನ್ನದೇ ಪ್ರಾರ್ಥನೆಯಾಗಿತ್ತು. ಅವನ ಮಂಚದ ಪಕ್ಕದಲ್ಲಿ ನಾನು ಹೇಳಿಕೊಂಡದ್ದು ಹೆಚ್ಚುಕಡಿಮೆ ಅದನ್ನೇ. ಆ ತಂದೆಗೆ ಮಗ ಸಿಕ್ಕ, ನನಗೆ ಸಿಗಲಿಲ್ಲ. ಅದನ್ನು ನನ್ನ ಕೈಯಿಂದ ಬರೆದರೆ, ಫೋಗ್ಟ್ ಹುಡುಕಲು ಹೇಳಿದ ಆ ಮನುಷ್ಯ ನಾನೇ ಎಂದು ಸಹಿ ಹಾಕಿದ ಹಾಗಾಗುತ್ತದೆ ಎಂದು ಹೆದರಿದೆ. ಹೊಟ್ಟೆಕಿಚ್ಚೂ ಇತ್ತು, ಆ ತಂದೆಯ ಮೇಲೆ. ಲೇಖನಿಯನ್ನು ಎತ್ತಿ ಮುಂದಿನ ವಾಕ್ಯದ ಮೇಲೆ ಇಟ್ಟೆ. ಒಂದು ನಿಮಿಷವೂ ಹಿಡಿಯಲಿಲ್ಲ.

ನಾಳೆ ಸೇರಿಸುತ್ತೇನೆ ಎಂದುಕೊಂಡೆ. ಶನಿವಾರ ಪುಸ್ತಕ ಹೋಯಿತು. ಮರುವರ್ಷ ಫೋಗ್ಟ್ ತೀರಿಕೊಂಡರು, ಸಭೆ ನನ್ನನ್ನು ಹಿರಿಯನನ್ನಾಗಿ ಆರಿಸಿತು. ದೀಕ್ಷಾಸ್ನಾನದ ಪ್ರಶ್ನೆಗೆ ಎಳ್ಳಷ್ಟೂ ಸಂಶಯವಿಲ್ಲದೆ ಎಂಬ ಮಾತನ್ನು ಸೇರಿಸಿದವನು ನಾನು. ಮೊದಲು ಅದು ಇರಲಿಲ್ಲ. ನನ್ನಲ್ಲಿ ಇಲ್ಲದ್ದನ್ನು ಬೇರೆಯವರಿಂದ ಹದಿನೈದು ವರ್ಷ ಕೇಳಿದೆ. ನೀನು ಕೂತುಬಿಟ್ಟಾಗ ನಾನು ಎರಡನೇ ಸಲ ಕರೆಯಲಿಲ್ಲ ಎಂದು ಬರೆದಿದ್ದೀಯ. ನೀನು ಸತ್ಯ ಹೇಳುತ್ತಿದ್ದೀ ಎಂದು ಆ ಕೋಣೆಯಲ್ಲಿ ನನಗೊಬ್ಬನಿಗೇ ಖಂಡಿತವಾಗಿ ಗೊತ್ತಿತ್ತು. ಅದಕ್ಕೇ ನಿನ್ನ ಮುಖ ನೋಡಲಾಗಲಿಲ್ಲ.

ನಿನ್ನ ವಿಷಯ ನನಗೆ ತಿಳಿದಿರಲಿಲ್ಲ. ಒಲೆಯ ಹಿಂದೆ ಮಗು ಇದೆ ಎಂದು ನೋಡಿಕೊಳ್ಳಬೇಕಾದವನು ನಾನು. ನೋಡಲಿಲ್ಲ. ಯಾಶ್ ಹೋದದ್ದು ನಿನ್ನಿಂದಲ್ಲ. ಬಹುಶಃ ನನ್ನಿಂದಲೂ ಅಲ್ಲ ಎಂದು ಈಗ ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ, ನಿಧಾನವಾಗಿ ಕಲಿಯುತ್ತೇನೆ.

ವಸಂತ ಬಂದ ಮೇಲೆ ಇದನ್ನು ಸಭೆಯ ಮುಂದೆ ಹೇಳುತ್ತೇನೆ.

ಅಪ್ಪ


ಫ್ರುಂಜೆ
25 ಮಾರ್ಚ್ 1973

ಅಪ್ಪ,

ಎರಡು ವಾರ ಬರೆಯಲಿಲ್ಲ, ಏನು ಬರೆಯುವುದೆಂದು ತಿಳಿಯಲಿಲ್ಲ. ನಿಮ್ಮ ಮೇಲಿನ ಕೋಪ ಪೂರ್ತಿ ಹೋಗಿಲ್ಲ. ಆದರೆ ಕಾಲರ್ ಹೊಲಿಯುತ್ತ ಕೂತಾಗ ನೀವು ಆ ಕಿಟಕಿಯ ಬಳಿ ಒಬ್ಬರೇ ಇದ್ದದ್ದು ಮತ್ತೆ ಮತ್ತೆ ಕಣ್ಣಿಗೆ ಬರುತ್ತದೆ, ಅಳು ಬರುತ್ತದೆ. ಪಕ್ಕದ ಯಂತ್ರದವಳು ಯಾರೋ ಹುಡುಗ ಕೈಕೊಟ್ಟ ಅಂದುಕೊಂಡಿದ್ದಾಳೆ.

ಅಜ್ಜಿಗೆ ಎಲ್ಲ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ.

“ಪಾಪ, ಅಷ್ಟು ವರ್ಷ ಒಂದು ಸಾಲನ್ನ ಹೊಟ್ಟೇಲಿಟ್ಕೊಂಡು ಬೋಧನೆ ಮಾಡಿದ್ರಲ್ಲ. ಹಸಿವಾಗ್ತಿರಲಿಲ್ವೇನೋ,” ಅಂದರು.

ಸಭೆಯ ಮುಂದೆ ನನಗೋಸ್ಕರ ಹೇಳಬೇಡಿ. ಅವರು ಏನು ಮಾಡುತ್ತಾರೋ ಎಂದು ನನಗೆ ಭಯವಿದೆ. ಹೇಳಿಯೇ ತೀರುವುದಾದರೆ ನಿಮಗೋಸ್ಕರ ಹೇಳಿ.

ನಿನ್ನೆ ಯಾಶ್‌ನ ಹೆಸರೆತ್ತಿ ಮೊಣಕಾಲೂರಿದೆ. ಮೊದಲ ಸಲ ಕ್ಷಮೆ ಕೇಳಲಿಲ್ಲ, ಅವನ ನೆನಪು ಮಾತ್ರ ಮಾಡಿಕೊಂಡೆ. ಕೇಳಿಸಿಕೊಂಡವರು ಇದ್ದರೋ ಗೋಡೆಯೋ ಹೇಳಲಾರೆ.

ನಿಮ್ಮ
ನೇಟಾ


ತಲಾಸ್ ಕಣಿವೆ
13 ಮೇ 1973

ಪ್ರೀತಿಯ ನೇಟಾ,

ಹೇಳಿದೆ. ಕಳೆದ ಭಾನುವಾರ, ಉನ್ರು ಅವರ ಮನೆಯಲ್ಲಿ. ಎಂದಿನಂತೆ ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ. ನೋಟುಪುಸ್ತಕ ತೆರೆದು ಆ ಪ್ರಸಂಗ ಓದಿದೆ, ಸಾಲು ಬರುವಲ್ಲಿ ನಿಂತು, ಇಲ್ಲಿ ಒಂದು ಮಾತಿದೆ, ನಾನು ಬರೆಯಲಿಲ್ಲ ಎಂದೆ. ಬಾಯಿಪಾಠದಿಂದ ಆ ಮಾತನ್ನು ಹೇಳಿದೆ. ಏಕೆ ಬರೆಯಲಿಲ್ಲ ಎಂಬುದನ್ನೂ ಹೇಳಿದೆ. ನಿನ್ನ ಗುಟ್ಟನ್ನು ಹೇಳಲಿಲ್ಲ, ಅದು ನಿನ್ನದು.

ಮುದುಕಿ ಸಾರಾ ಟೇವ್ಸ್ ಮೊದಲು ಮಾತಾಡಿದಳು.

“ನಂಗೆ ಗೊತ್ತಿತ್ತು ಕೊರ್ನೇಲಿಯಸ್. ಮೊದಲನೇ ಭಾನುವಾರ ನೀನು ಓದಿದಾಗ್ಲೇ ಗೊತ್ತಾಯ್ತು. ಹುಡುಗಿಯಾಗಿದ್ದಾಗ ಕಲಿತಿದ್ದೆ ಅದನ್ನ.”

“ಯಾಕೆ ಹೇಳ್ಲಿಲ್ಲ ಸಾರಾ?”

“ಮಗನ್ನ ಮಣ್ಣು ಮಾಡಿ ಎರಡು ವಾರ ಆಗಿತ್ತು. ಅವತ್ತು ಹೇಗೆ ಹೇಳ್ಲಿ? ಆಮೇಲೆ ಆಮೇಲೆ ಅಂತ ನಂಗೂ ನಾಚಿಕೆ ಆಗೋಯ್ತು.”

ಇಷ್ಟಕ್ಕೇ ಮುಗಿದಿದ್ದರೆ ನನಗೆ ಹಗುರಾಗುತ್ತಿತ್ತು. ಪೇಟರ್ ಉನ್ರು ಎದ್ದರು. ಅವರ ಮಗ ಡೀಟ್ರಿಖ್ ನಿನಗೆ ನೆನಪಿರಬೇಕು. ಎಂಟು ವರ್ಷದ ಹಿಂದೆ ಅವನೂ ನಿನ್ನ ಹಾಗೆ ಆ ಬೆಂಚಿನಲ್ಲಿ ಕೂತುಬಿಟ್ಟ. ಮಾರನೆಯ ವಾರ ಕರಗಂಡದ ಗಣಿಗೆ ಹೋದ. ಮನೆಗೆ ಒಂದು ಕಾಗದವನ್ನೂ ಬರೆದಿಲ್ಲ.

“ಅವತ್ತು ನಾನು ಮಗನ್ನ ಮನೆಗೆ ಸೇರಿಸ್ಲಿಲ್ಲ,” ಅಂದರು ಪೇಟರ್. “ನೀನು ಕೇಳಿದ್ದೇ ಸರಿ, ಅವನೇ ತಪ್ಪು ಅಂದ್ಕೊಂಡೆ. ಈಗ ಹೇಳ್ತೀಯಲ್ಲ, ಒಂದು ಸಾಲು ಬಿಟ್ಟಿದ್ದೆ ಅಂತ. ನನ್ನ ಡೀಟ್ರಿಖ್‌ಗೆ ಆ ಸಾಲನ್ನ ಯಾರು ಕೊಡ್ತಾರೆ?”

ವಿಳಾಸ ಹುಡುಕಿ ಡೀಟ್ರಿಖ್‌ಗೆ ಬರೆದಿದ್ದೇನೆ, ಉತ್ತರ ಬರುತ್ತದೆಂಬ ಆಸೆ ಇಟ್ಟುಕೊಂಡಿಲ್ಲ.

ಸಭೆಯ ಸಹೋದರರು ತೀರ್ಮಾನಿಸಿದರು. ಒಂದು ವರ್ಷ ನಾನು ಬೋಧಿಸುವಂತಿಲ್ಲ, ದೀಕ್ಷಾಸ್ನಾನ ಕೊಡುವಂತಿಲ್ಲ, ಸಭೆ ಎದ್ದು ಒಪ್ಪಿಗೆ ಕೊಡುವಾಗ ಏಳುವಂತಿಲ್ಲ. ಹಿಂದಿನ ಬೆಂಚು. ನ್ಯಾಯವಾಗಿದೆ. ಜೂನ್‌ನಲ್ಲಿ ಪ್ರಶ್ನೆ ಕೇಳುವವರು ಪೇಟರ್. ಪ್ರಶ್ನೆಯ ಮಾತನ್ನು ಬದಲಾಯಿಸುತ್ತೀರಾ ಎಂದು ಕೇಳಿದೆ. “ಅದನ್ನ ಕೇಳೋ ಹಕ್ಕು ನಿಂಗೀಗ ಇಲ್ಲ,” ಅಂದರು.

ನಿನ್ನನ್ನು ನೀರಿಗೆ ಇಳಿಸುವ ಕೈ ನನ್ನದಾಗಬೇಕೆಂದು ನೀನು ಹುಟ್ಟಿದ ದಿನದಿಂದ ಆಸೆಪಟ್ಟಿದ್ದೆ. ಅದು ಇನ್ನಿಲ್ಲ. ಆದರೂ ಬಾ ಎಂದು ಕೇಳುತ್ತೇನೆ. ಉತ್ತರ ಸಿದ್ಧವಿರಬೇಕಾಗಿಲ್ಲ. ಅಕ್ಟೋಬರ್‌ನಲ್ಲೇ ಬರೆಯಬೇಕಿದ್ದದ್ದು ಇದು.

ಅಪ್ಪ


ತಲಾಸ್ ಕಣಿವೆ
11 ಜೂನ್ 1973

ಪ್ರೀತಿಯ ಪೆಲಗೇಯಾ ಅಜ್ಜಿ,

ಪಕ್ಕದ ಮನೆಯ ವೇರಾ ಇದನ್ನು ನಿಮಗೆ ಓದಿ ಹೇಳುತ್ತಾಳೆ. ವೇರಾ, ಸಾಲು ನುಂಗಬೇಡ, ಅಜ್ಜಿಗೆ ಗೊತ್ತಾಗುತ್ತದೆ.

ಊರು ತಲುಪಿದಾಗ ಅಪ್ಪ ಬಸ್ಸಿನ ಹತ್ತಿರ ನಿಂತಿದ್ದರು. ನಾವು ಹೆಚ್ಚು ಮಾತಾಡುವ ಜನ ಅಲ್ಲ. ಅವರು ನನ್ನ ಚೀಲ ಕಸಿದುಕೊಂಡು ಮುಂದೆ ನಡೆದರು. ದಾರಿಯುದ್ದಕ್ಕೂ ನನಗೆ ಅವರ ಬೆನ್ನೇ ಕಂಡದ್ದು, ಅದು ಬಾಗಿದೆ. ಮನೆಯಲ್ಲಿ ಅಮ್ಮ ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಹಿಡಿದುಕೊಂಡಳು. ಆಮೇಲೆ ನಾವು ಮೂವರೂ ಯಾಶ್‌ನ ವಿಷಯ ಮಾತಾಡಿದೆವು. ಅವನು ಕೋಳಿಗಳಿಗೆ ಬೋಧನೆ ಮಾಡುತ್ತಿದ್ದದ್ದನ್ನು ಅಪ್ಪ ನೆನಪಿಸಿಕೊಂಡು ನಕ್ಕರು. ಆ ಮನೆಯಲ್ಲಿ ಅವನ ಹೆಸರು ಹೇಳಿ ನಕ್ಕದ್ದು ಅವನು ಹೋದ ಮೇಲೆ ಅದೇ ಮೊದಲು.

ನಿನ್ನೆ ಭಾನುವಾರ. ಮುಂದಿನ ಬೆಂಚಿನಲ್ಲಿ ಈ ಸಲ ಮೂವರಿದ್ದೆವು. ಅಪ್ಪ ಎಡಗಡೆ ಗಂಡಸರ ಕೊನೆಯ ಬೆಂಚಿನಲ್ಲಿ, ಗೋಡೆಗೆ ತಾಗಿ. ಪೇಟರ್ ಉನ್ರು ನನ್ನನ್ನು ಎಬ್ಬಿಸಿ ಹಳೆಯ ಪ್ರಶ್ನೆಯನ್ನೇ ಕೇಳಿದರು, ಒಂದು ಮಾತೂ ಬಿಡದೆ.

“ಎಳ್ಳಷ್ಟೂ ಸಂಶಯವಿಲ್ಲದೆ ನಂಬ್ತೀಯಾ ಅಗನೇಟಾ?”

“ಇಲ್ಲ,” ಅಂದೆ. “ನಂಬ್ತೀನಿ. ಸಂಶಯವೂ ಇದೆ. ಎರಡನ್ನೂ ತಂದಿದ್ದೀನಿ.”

ಪೇಟರ್ ಒಂದು ಹೆಜ್ಜೆ ಮುಂದೆ ಬಂದರು. ಹೊರಗೆ ಯಾರದೋ ಕೋಳಿ ಕೂಗುತ್ತಿತ್ತು.

“ಆ ಸಂಶಯವನ್ನ ಏನ್ಮಾಡ್ತೀಯ?”

“ಗೊತ್ತಿಲ್ಲ. ಕರ್ತನಿಗೇ ಹೇಳ್ಕೊಳ್ತೀನಿ. ಅವನು ಇಲ್ಲ ಅನ್ನಿಸೋ ದಿನವೂ ಹೇಳ್ಕೊಳ್ತೀನಿ.”

ಪೇಟರ್ ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದರು. “ನನ್ನ ಡೀಟ್ರಿಖ್‌ನ ಇದನ್ನ ಯಾರೂ ಕೇಳ್ಲೇ ಇಲ್ಲ,” ಅಂದರು. ಅವರು ಅದನ್ನು ನಮಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯದು. ಮೂಗು ಒರೆಸಿಕೊಂಡು, ಒಪ್ಪುವವರು ಏಳಿ ಅಂದರು.

ಸಾರಾ ಅಜ್ಜಿ ಕೋಲೂರಿ ಎದ್ದರು. ಅವರು ಪೂರ್ತಿ ನಿಲ್ಲುವಷ್ಟರಲ್ಲಿ ಹೆಂಗಸರ ಕಡೆ ಮುಕ್ಕಾಲು ಜನ ಎದ್ದಿದ್ದರು. ಗಂಡಸರ ಕಡೆ ಒಬ್ಬೊಬ್ಬರಾಗಿ ಎದ್ದರು, ಕೆಲವರು ಏಳಲಿಲ್ಲ. ಏಳದವರ ಮೇಲೆ ನನಗೆ ಬೇಸರವಿಲ್ಲ. ಅಪ್ಪ ಕೂತೇ ಇದ್ದರು, ಎರಡೂ ಕೈ ಮೊಣಕಾಲ ಮೇಲೆ, ಕಣ್ಣು ನೆಲದ ಮೇಲೆ. ಅವರು ನಿಯಮ ಮುರಿಯುವವರಲ್ಲ.

ಆಗ ಅಮ್ಮ ತನ್ನ ಸಾಲಿನಿಂದ ಹೊರಗೆ ಬಂದಳು. ನಡುವಿನ ದಾರಿಯನ್ನು ದಾಟಿ ಗಂಡಸರ ಕಡೆಗೆ ನಡೆದಳು. ಅಜ್ಜಿ, ನಮ್ಮಲ್ಲಿ ಹೆಂಗಸು ಆ ದಾರಿ ದಾಟಿದ್ದನ್ನು ನಾನು ಕಂಡಿಲ್ಲ, ಸಾರಾ ಅಜ್ಜಿಯೂ ಕಂಡಿಲ್ಲವಂತೆ. ಅಮ್ಮ ಕೊನೆಯ ಬೆಂಚಿನವರೆಗೆ ಹೋಗಿ ಅಪ್ಪನ ತೋಳು ಹಿಡಿದಳು.

“ಏಳಿ. ನಿಮ್ಮ ಮಗಳು ನಿಂತಿದ್ದಾಳೆ.”

“ನಾನು ಏಳ್ಬಾರ್ದು ಜಸ್ಟೀನಾ.”

“ಗೊತ್ತು. ಏಳಿ.”

ಅಪ್ಪ ಪೇಟರ್ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು, ಹೋದ ವರ್ಷ ನೋಡದೆ ಹೋದವರು. ಅಮ್ಮನ ಕೈ ಊರಿಕೊಂಡು ಎದ್ದು ನಿಂತರು. ಇಡೀ ಕೋಣೆ ಪೇಟರ್ ಮುಖವನ್ನೇ ನೋಡುತ್ತಿತ್ತು. ಅವರು ಅಪ್ಪನಿಗೆ ಕೂರು ಎನ್ನಲಿಲ್ಲ.

ನಿಮ್ಮ
ನೇಟಾ